ಅಪ್ಪ ಕುಡಿದರೆ ಮಗನೂ ಕುಡಿಯಲೇಬೇಕಾ? ಡಿಎನ್‌ಎ ಟೆಸ್ಟ್ ಮಾಡಿಸೋದಾ, ಬೇಡ್ವಾ?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ನಮ್ಮದು ತರೀಕೆರೆ ಕಡೆ. ಅಜ್ಜ ಕುಡಿಯುತ್ತಿದ್ದರು. ಅಪ್ಪ ಪ್ಯಾಕೆಟ್ ಸಾರಾಯಿ ಕಾಲದವರು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಮುಂದಿನ ವಾರವೇ ಅಪ್ಪ ಬಾಟಲಿಗೆ ಬಂದರು. 54ಕ್ಕೆ ಲಿವರ್ ಹೋಗಿ ತೀರಿಕೊಂಡರು.

ನಮ್ಮ ಅಣ್ಣ ಇವತ್ತಿನವರೆಗೆ ಒಂದು ತೊಟ್ಟು ಮುಟ್ಟಿಲ್ಲ. ತಮ್ಮನಿಗೆ 34, ಈಗ ಬೆಳಿಗ್ಗೆ ಎದ್ದರೆ ಬೇಕೇ ಬೇಕು. ಇಲ್ಲದಿದ್ದರೆ ಕಾಫಿ ಲೋಟ ಹಿಡಿಯಲು ಕೈ ನಡುಗುತ್ತದೆ. ಒಂದೇ ಮನೆ, ಒಂದೇ ಒಲೆಯ ಅನ್ನ. ಹೀಗೇಕೆ?

ಮೊನ್ನೆ ಒಂದು ಲ್ಯಾಬಿನವರು ಕರಪತ್ರ ಕೊಟ್ಟರು. ಎಂಜಲು ಕೊಟ್ಟರೆ ಸಾಕಂತೆ, ಮಗುವಿಗೆ ಮುಂದೆ ಕುಡಿತದ ಚಟ ಬರುತ್ತದಾ ಇಲ್ಲವಾ ಅಂತ ಹೇಳುತ್ತಾರಂತೆ. 14 ಸಾವಿರ. ನನ್ನ ಮಗನಿಗೆ 16. ನಮ್ಮ ಅತ್ತೆ ಮಾತು ಬಂದಾಗಲೆಲ್ಲ "ಅದು ನಿಮ್ಮ ತೌರಿನ ರಕ್ತ" ಅನ್ನುತ್ತಾರೆ. ದುಡ್ಡು ಹೊಂದಿಸಿ ಟೆಸ್ಟ್ ಮಾಡಿಸಿಬಿಡಲಾ ಅಂತ ಯೋಚನೆ.

ಖಾರಮಂಡಕ್ಕಿ

ಅಕ್ಕ, 14 ಸಾವಿರದಲ್ಲಿ ಮಗನಿಗೆ ಒಳ್ಳೆ ಸೈಕಲ್ ಕೊಡಿಸಿ. ರಕ್ತವೂ ಇಲ್ಲ, ಜೀನೂ ಇಲ್ಲ. ಎಲ್ಲ ಸಹವಾಸ ದೋಷ. ಮನಸ್ಸು ಗಟ್ಟಿ ಇಲ್ಲದವರು ಹುಡುಕುವ ನೆಪ ಇದು. ನಿಮ್ಮ ಅಣ್ಣನಿಗೂ ಅದೇ ಅಪ್ಪ ತಾನೇ?

ಬಯಾಲಜಿ ಮೇಷ್ಟ್ರು

ಖಾರಮಂಡಕ್ಕಿಯವರೇ, ನಿಮ್ಮ ಮಾತಿನ ಮೊದಲ ಸಾಲು ಸರಿ. ಉಳಿದದ್ದು ಸರಿ ಇಲ್ಲ.

ಇದು ಮನೆಯ ವಾತಾವರಣವೋ ಹುಟ್ಟೋ ಅಂತ ಹೇಗೆ ಕಂಡುಹಿಡಿಯುವುದು? ಅಪ್ಪನನ್ನೂ ಮಗನನ್ನೂ ಬೇರೆ ಮಾಡಿ ನೋಡಬೇಕು. ಡೆನ್ಮಾರ್ಕಿನಲ್ಲಿ ದತ್ತು ಕೊಟ್ಟ ಮಕ್ಕಳ ದಾಖಲೆ ಚೆನ್ನಾಗಿ ಇಟ್ಟಿರುತ್ತಾರೆ. 1973ರಲ್ಲಿ ಡೊನಾಲ್ಡ್ ಗುಡ್ವಿನ್ ಮತ್ತು ಜೊತೆಯವರು ಅದನ್ನೇ ಹಿಡಿದು ನೋಡಿದರು. ಕುಡುಕ ತಂದೆ ಅಥವಾ ತಾಯಿಗೆ ಹುಟ್ಟಿ, ಕೂಸಾಗಿದ್ದಾಗಲೇ ಬೇರೆ ಮನೆಗೆ ಹೋದ 55 ಗಂಡುಮಕ್ಕಳು. ಹೋಲಿಸಲು, ಅಂಥ ಹಿನ್ನೆಲೆ ಇಲ್ಲದ 78 ದತ್ತು ಮಕ್ಕಳು. ಬೆಳೆದ ಮೇಲೆ ಮೊದಲ ಗುಂಪಿನಲ್ಲಿ 100ಕ್ಕೆ 18ರಷ್ಟು ಜನ ಚಟಕ್ಕೆ ಬಿದ್ದಿದ್ದರು, ಎರಡನೆಯದರಲ್ಲಿ 5ರಷ್ಟು. ಹೆತ್ತವರು ಕುಡಿದದ್ದನ್ನು ಅವರು ಕಣ್ಣಲ್ಲೂ ಕಂಡಿರಲಿಲ್ಲ.

ಆಮೇಲೆ ಅವಳಿಗಳ ಅಧ್ಯಯನಗಳು ಬೇಕಾದಷ್ಟು ಆಗಿವೆ. ಎಲ್ಲ ಕೂಡಿಸಿ ನೋಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಹುಟ್ಟಿನಿಂದ ಅಂತ ಬರುತ್ತದೆ. ಈ "ಅರ್ಧ"ವನ್ನು ತಪ್ಪು ತಿಳಿಯಬೇಡಿ. ಹೊಳೆದಂಡೆಯವರೇ, ನಿಮ್ಮ ತಮ್ಮನ ಕುಡಿತದಲ್ಲಿ ಅರ್ಧ ಜೀನಿನದು, ಅರ್ಧ ಗೆಳೆಯರದು ಅಂತ ಅಲ್ಲ. ಒಂದು ಊರಿನ ಜನರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಅರ್ಧಕ್ಕೆ ಜೀನು ಕಾರಣ ಅಂತ ಅರ್ಥ.

ಇನ್ನು ಅಣ್ಣ ತಮ್ಮ. ಇಸ್ಪೀಟ್ ಕಟ್ಟು ಒಂದೇ, ಆದರೆ ಪ್ರತಿ ಆಟಕ್ಕೂ ಕಲಸಿ ಹಂಚುತ್ತಾರೆ ಅಲ್ವಾ? ಅಪ್ಪನ ಜೀನುಗಳಲ್ಲಿ ಅರ್ಧ ಅಣ್ಣನಿಗೆ ಹೋಯಿತು. ತಮ್ಮನಿಗೂ ಅರ್ಧವೇ, ಆದರೆ ಅದೇ ಅರ್ಧ ಅಲ್ಲ.

ಮತ್ತೆ ಆ 18ನ್ನು ಇನ್ನೊಂದು ಸಲ ನೋಡಿ. 100ಕ್ಕೆ 82 ಜನಕ್ಕೆ ಚಟ ಬರಲಿಲ್ಲ. ನಿಮ್ಮ ಅತ್ತೆಗೆ ಇದನ್ನು ಹೇಳಿ.

ಒಸಾಕಾ ಕನ್ನಡಿಗ

ನಾನು ಜಪಾನಿಗೆ ಬಂದು 11 ವರ್ಷ. ಇಲ್ಲಿನ ಕಥೆ ಹೇಳುತ್ತೇನೆ, ಕೇಳಿ.

ಆಫೀಸ್ ಪಾರ್ಟಿಯಲ್ಲಿ ನನ್ನ ಪಕ್ಕ ಕೂರುವ ಸಹೋದ್ಯೋಗಿ ಅರ್ಧ ಗ್ಲಾಸ್ ಬಿಯರ್ ಕುಡಿದರೆ ಸಾಕು, ಮುಖ, ಕತ್ತು, ಕಿವಿ ಎಲ್ಲ ಕೆಂಪು. ಎದೆ ಡವಡವ, ತಲೆನೋವು. ಮೊದಲ ಸಲ ನೋಡಿ ಹೆದರಿದ್ದೆ. ಇಲ್ಲಿ ಅದು ಮಾಮೂಲಿ.

ವಿಷಯ ಏನೆಂದರೆ, ಹೊಟ್ಟೆಗೆ ಹೋದ ಮದ್ಯವನ್ನು ಲಿವರ್ ಎರಡು ಹೆಜ್ಜೆಯಲ್ಲಿ ಕರಗಿಸುತ್ತದೆ. ಮೊದಲ ಹೆಜ್ಜೆಯಲ್ಲಿ ಅದು ಅಸಿಟಾಲ್ಡಿಹೈಡ್ ಆಗುತ್ತದೆ. ಅದು ವಿಷ. ಎರಡನೇ ಹೆಜ್ಜೆಯಲ್ಲಿ ಎಎಲ್‌ಡಿಎಚ್2 ಅನ್ನುವ ಕಿಣ್ವ ಆ ವಿಷವನ್ನು ಅಪಾಯವಿಲ್ಲದ ವಸ್ತುವಾಗಿ ಮಾಡುತ್ತದೆ. ಜಪಾನ್, ಚೀನಾ, ಕೊರಿಯಾ ಕಡೆ ಬಹಳ ಜನಕ್ಕೆ ಈ ಎರಡನೇ ಕಿಣ್ವದ ಜೀನಿನಲ್ಲಿ, ಅಂದರೆ ಅದರ ಡಿಎನ್‌ಎ ಬರಹದಲ್ಲಿ, ಒಂದೇ ಒಂದು ಅಕ್ಷರ ಬೇರೆ. ಹಾಗಾಗಿ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ, ವಿಷ ಮೈಯಲ್ಲೇ ನಿಲ್ಲುತ್ತದೆ. ಕುಡಿದರೆ ಖುಷಿಗಿಂತ ಸಂಕಟವೇ ಜಾಸ್ತಿ. ಇಂಥವರು ಚಟಕ್ಕೆ ಬೀಳುವುದು ಕಡಿಮೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಅಕ್ಷರ ಬಂದಿದ್ದರೆ ಚಟ ಹತ್ತುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಆದರೆ ನನಗೆ ಅಚ್ಚರಿ ತಂದದ್ದು ಬೇರೆ. ಜಪಾನಿನಲ್ಲಿ ಚಟಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರನ್ನು ಪರೀಕ್ಷಿಸಿ 1994ರಲ್ಲಿ ಒಂದು ವರದಿ ಬಂತು. ಒಬ್ಬ ಪೋಷಕರಿಂದ ಮಾತ್ರ ಆ ಅಕ್ಷರ ಪಡೆದವರು, ಅಂದರೆ ಅರ್ಧ ರಕ್ಷಣೆ ಇದ್ದವರು, 1979ರಲ್ಲಿ ಆ ರೋಗಿಗಳಲ್ಲಿ 100ಕ್ಕೆ 2.5 ಇದ್ದರು. 1986ಕ್ಕೆ 8. 1992ಕ್ಕೆ 13. ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನು ಬದಲಾಗುತ್ತದಾ? ಇಲ್ಲ. ಬದಲಾದದ್ದು ಕುಡಿಯುವ ರೂಢಿ. ಕೆಲಸ ಮುಗಿದ ಮೇಲೆ ಬಾಸ್ ಜೊತೆ ಕುಡಿಯಲೇಬೇಕು ಅನ್ನುವ ಒತ್ತಾಯ ಇಲ್ಲಿ ಹೇಗಿರುತ್ತದೆ ಅಂತ ನಾನು ಅನುಭವಿಸಿದ್ದೇನೆ. ಮೈ ಬೇಡ ಅಂದರೂ ಜನ ಬಿಡುವುದಿಲ್ಲ. ಹಾಗೆ ಕೆಂಪಾಗಿಯೂ ಕುಡಿಯುವವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯವೂ ಜಾಸ್ತಿ.

ಖಾರಮಂಡಕ್ಕಿ

ಹಾಗಾದರೆ ನಾನು ಹೇಳಿದ್ದೇ ಸರಿ ಆಯ್ತಲ್ಲ. ಸಹವಾಸ!

ಒಸಾಕಾ ಕನ್ನಡಿಗ

ಅರ್ಧ ಸರಿ ಸ್ವಾಮಿ. ಅರ್ಧ ಮಾತ್ರ. :)

ವಾರ್ಡ್ ನಂ. 4

ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿದ್ದೇನೆ. ಉಳಿದ ಚರ್ಚೆ ಆಮೇಲೆ. ಮೊದಲು ಹೊಳೆದಂಡೆಯವರಿಗೆ ಒಂದು ತುರ್ತು ಮಾತು.

ಬೆಳಿಗ್ಗೆ ಕೈ ನಡುಗುವವರು ದಿಢೀರ್ ಅಂತ ನಿಲ್ಲಿಸಬಾರದು. ಮನೆಯಲ್ಲಿ ಕೂಡಿಹಾಕಿ ನಾಲ್ಕು ದಿನ ಬಿಡಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ಜ್ವರ ಶುರುವಾಗಬಹುದು. ಇದರಿಂದ ಜೀವ ಹೋಗುತ್ತದೆ. ಮೊದಲ ವಾರ ವೈದ್ಯರ ಕೈಯಲ್ಲೇ ಆಗಬೇಕು. ಬಿ1 ವಿಟಮಿನ್ ಇಂಜೆಕ್ಷನ್ ಕೂಡ ಬೇಕಾಗುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಒಸಾಕಾದವರು ಹೇಳಿದ ಜೀನಿನ ಬಗ್ಗೆ. ನಮ್ಮ ಕಡೆ ಅದು ಬಹಳ ಅಪರೂಪ. ಆದರೆ ಅದೇ ಕೆಲಸ ಮಾಡುವ ಮಾತ್ರೆ ನಮ್ಮ ಓಪಿಡಿಯಲ್ಲಿ ದಿನವೂ ಬರೆಯುತ್ತೇವೆ, ಡೈಸಲ್ಫಿರಾಮ್. ಇದರ ಕಥೆ ಮಜವಾಗಿದೆ. 1937ರಲ್ಲಿ ಅಮೆರಿಕದ ರಬ್ಬರ್ ಕಾರ್ಖಾನೆಯ ಒಬ್ಬ ಡಾಕ್ಟರ್, ಅಲ್ಲಿ ಬಳಸುವ ಇದೇ ಜಾತಿಯ ರಾಸಾಯನಿಕ ತಾಗಿದ ಕೆಲಸಗಾರರಿಗೆ ಕುಡಿದರೆ ಆಗಿಬರುವುದಿಲ್ಲ ಅಂತ ಬರೆದಿದ್ದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. ಹತ್ತು ವರ್ಷದ ಮೇಲೆ ಡೆನ್ಮಾರ್ಕಿನಲ್ಲಿ ಯೆನ್ಸ್ ಹಾಲ್ಡ್, ಎರಿಕ್ ಯಾಕೊಬ್ಸೆನ್ ಅನ್ನುವವರು ಡೈಸಲ್ಫಿರಾಮನ್ನು ಜಂತುಹುಳದ ಔಷಧಿಯಾಗಿ ನೋಡುತ್ತಿದ್ದರು. ತಾವೇ ನುಂಗಿ ಪರೀಕ್ಷಿಸುವ ಅಭ್ಯಾಸ. ಆಮೇಲೆ ಎಲ್ಲೋ ಸ್ವಲ್ಪ ಕುಡಿದರೆ ಇಬ್ಬರಿಗೂ ಮುಖ ಕೆಂಪು, ವಾಕರಿಕೆ. ಹುಳದ ಔಷಧಿ ಕುಡಿತದ ಔಷಧಿ ಆಯಿತು. ಒಸಾಕಾದ ಸಹೋದ್ಯೋಗಿಗೆ ಹುಟ್ಟಿನಿಂದ ಬಂದದ್ದನ್ನು ಈ ಮಾತ್ರೆ ಕೆಲವು ದಿನದ ಮಟ್ಟಿಗೆ ಸಾಲ ಕೊಡುತ್ತದೆ, ಅಷ್ಟೇ.

ಹುಣಸೆಮರದ ಚಿಕ್ಕಮ್ಮ

ಡಾಕ್ಟ್ರೇ, ಬಸ್ ಸ್ಟ್ಯಾಂಡ್ ಗೋಡೆ ಮೇಲೆಲ್ಲ ಬರೆದಿರುತ್ತಾರಲ್ಲ, "ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಅಂತ. ಅದೂ ಇದೇನಾ? ನಮ್ಮ ಪಕ್ಕದ ಮನೆಯವಳು ಸಾರಿಗೆ ಹಾಕಿ ಬಡಿಸುತ್ತಿದ್ದಾಳೆ.

ವಾರ್ಡ್ ನಂ. 4

ಚಿಕ್ಕಮ್ಮ, ಆ ಪುಡಿಯಲ್ಲಿ ಏನಿದೆ ಅಂತ ಹೊರಗಿನಿಂದ ಹೇಳಲಾಗದು. ಡೈಸಲ್ಫಿರಾಮ್ ಇದ್ದರಂತೂ ಅದಕ್ಕಿಂತ ಅಪಾಯ ಬೇರೆ ಇಲ್ಲ. ಗೊತ್ತಿಲ್ಲದೆ ಅದನ್ನು ತಿಂದವನು ಎಂದಿನಂತೆ ಕ್ವಾರ್ಟರ್ ಏರಿಸುತ್ತಾನೆ. ಬಿಪಿ ಕುಸಿಯುತ್ತದೆ. ಹೃದಯ ಸರಿ ಇಲ್ಲದವನಾದರೆ ಅಲ್ಲೇ ಮುಗಿಯಬಹುದು. ಈ ಮಾತ್ರೆ ಕೆಲಸ ಮಾಡುವುದೇ "ನಾನು ಇದನ್ನು ನುಂಗಿದ್ದೇನೆ, ಇವತ್ತು ಕುಡಿಯುವ ಹಾಗಿಲ್ಲ" ಅನ್ನುವ ಅರಿವಿನಿಂದ. ಕದ್ದು ಕೊಟ್ಟರೆ ಆ ಅರಿವೇ ಇಲ್ಲವಲ್ಲ. ಪಕ್ಕದ ಮನೆಯವರಿಗೆ ಇವತ್ತೇ ಹೇಳಿ.

ಆರು ವರ್ಷ

ನನ್ನ ಹೆಸರೇ ಹೇಳುತ್ತದೆ, ಬಿಟ್ಟು ಆರು ವರ್ಷ ಆಯಿತು. ಕುಡಿದದ್ದು ಹತ್ತೊಂಬತ್ತು ವರ್ಷ. ಹೊಳೆದಂಡೆ ಅಕ್ಕ, ನಿಮ್ಮ ತಮ್ಮನ ಬಗ್ಗೆ ಒಂದು ಪ್ರಶ್ನೆ. ಶುರುವಿನಲ್ಲಿ ಅವನಿಗೆ ಬೇಗ ಏರುತ್ತಿತ್ತಾ?

ನನಗೆ ಏರುತ್ತಲೇ ಇರಲಿಲ್ಲ. ಕಾಲೇಜಿನಲ್ಲಿ ಗೆಳೆಯರು ಎರಡಕ್ಕೆ ವಾಂತಿ ಮಾಡಿ ಮಲಗುತ್ತಿದ್ದರು. ನಾನು ಆರು ಹಾಕಿ, ಎಲ್ಲರನ್ನೂ ಬೈಕಿನಲ್ಲಿ ರೂಮಿಗೆ ಬಿಡುತ್ತಿದ್ದೆ (ಇವತ್ತು ನೆನೆಸಿಕೊಂಡರೆ ಮೈ ನಡುಗುತ್ತದೆ). "ಇವನು ಗಂಡಸು ಕಣ್ರೋ, ಎಷ್ಟು ಹಾಕಿದರೂ ಅಲುಗಾಡಲ್ಲ" ಅನ್ನುತ್ತಿದ್ದರು. ನಮ್ಮಪ್ಪನ ಬಗ್ಗೆಯೂ ಊರಲ್ಲಿ ಇದೇ ಮಾತಿತ್ತು. ನನಗೆ ಅದು ಹೆಮ್ಮೆ. ವಾಂತಿ ಮಾಡಿದವರೆಲ್ಲ ಈಗ ಮನೆ ಕಟ್ಟಿದ್ದಾರೆ.

ಬಯಾಲಜಿ ಮೇಷ್ಟ್ರು

ಆರು ವರ್ಷದವರೇ, ನೀವು ಹೇಳಿದ್ದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾರ್ಕ್ ಶುಕಿಟ್ ಅನ್ನುವ ಮನೋವೈದ್ಯರು. 1978ರಿಂದ ಇಪ್ಪತ್ತರ ಆಸುಪಾಸಿನ ಹುಡುಗರನ್ನು ಕರೆಸಿ ಒಂದೇ ಅಳತೆಯ ಮದ್ಯ ಕೊಟ್ಟರು. ಯಾರು ಎಷ್ಟು ತೂರಾಡುತ್ತಾರೆ, ಎಷ್ಟು ಅಮಲು ಏರಿತು ಅನ್ನುತ್ತಾರೆ ಅಂತ ಬರೆದಿಟ್ಟರು. ಕುಡುಕ ಅಪ್ಪಂದಿರ ಮಕ್ಕಳಲ್ಲಿ ಬಹಳ ಜನಕ್ಕೆ ಅಷ್ಟಾಗಿ ಏರಲಿಲ್ಲ. ರಕ್ತದಲ್ಲಿ ಮದ್ಯ ಎಲ್ಲರಿಗೂ ಒಂದೇ ಮಟ್ಟದಲ್ಲಿದ್ದರೂ!

ಸುಮಾರು ಹತ್ತು ವರ್ಷ ಬಿಟ್ಟು ಮತ್ತೆ ಹುಡುಕಿಕೊಂಡು ಹೋದರು. ಕುಡುಕರ ಮಕ್ಕಳಲ್ಲೇ ಎರಡು ಗುಂಪು. ಏರದೆ ಇದ್ದವರಲ್ಲಿ 100ಕ್ಕೆ 56 ಜನ ಚಟಕ್ಕೆ ಬಿದ್ದಿದ್ದರು. ಬೇಗ ಏರಿದವರಲ್ಲಿ 14. ಅಪ್ಪಂದಿರ ಚಟ ಒಂದೇ, ಮಕ್ಕಳ ದಾರಿ ಬೇರೆ.

ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೈ "ಸಾಕು" ಅಂತ ತಡವಾಗಿ ಹೇಳುತ್ತದೆ. ಗೆಳೆಯರ ಜೊತೆ ಸಮ ಆಗಬೇಕಾದರೆ ಇವನು ಎರಡರಷ್ಟು ಹಾಕಬೇಕು. ಹಾಕಿ ಹಾಕಿ ಲಿವರಿಗೂ ಮಿದುಳಿಗೂ ಅದೇ ರೂಢಿ ಆಗುತ್ತದೆ. ನಾವು ಅದನ್ನು ಗಂಡಸುತನ ಅಂತ ಕರೆದು ಬೆನ್ನು ತಟ್ಟುತ್ತೇವೆ. ನನ್ನ ಪ್ರಕಾರ ಈ ವಿಷಯದಲ್ಲಿ ನಮ್ಮ ಜನಕ್ಕೆ ತಿಳಿಯಬೇಕಾದ ಮಾತು ಒಂದೇ ಇದ್ದರೆ ಅದು ಇದು. ಏರುವುದಿಲ್ಲ ಅನ್ನುವವನೇ ಹೆದರಬೇಕು. ಇದಕ್ಕೆ ಎಂಜಲಿನ ಟೆಸ್ಟ್ ಬೇಡ.

ಹೊಳೆದಂಡೆ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಮ್ಮ ಹಾಗೇ ಇದ್ದ. ಹಬ್ಬದ ದಿನ ಮಾವಂದಿರ ಜೊತೆ ಕೂತು ಅವರೆಲ್ಲ ಮಲಗಿದ ಮೇಲೂ ಇವನು ನೆಟ್ಟಗೆ ಎದ್ದು ಬಂದು ಊಟ ಮಾಡುತ್ತಿದ್ದ. "ಅಪ್ಪನ ಮಗ" ಅಂತ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅಣ್ಣ ಪಿಯುಸಿಯಲ್ಲಿ ಒಂದೇ ಒಂದು ಸಲ ರುಚಿ ನೋಡಿ ಎರಡು ದಿನ ತಲೆ ಎತ್ತಿರಲಿಲ್ಲ ಅಂತ ಅತ್ತಿಗೆ ಇವತ್ತು ಹೇಳಿದರು. ಒಂದು ತೊಟ್ಟೂ ಮುಟ್ಟಿಲ್ಲ ಅಂತ ಬರೆದಿದ್ದೆ, ತಿದ್ದಿಕೊಳ್ಳಿ.

ಸುಮ್ನೆ ಓದುವವ

ಟೆಸ್ಟಿನ ವಿಷಯಕ್ಕೆ ಬನ್ನಿ. ಯಾವ ಮಾತ್ರೆ ಯಾರಿಗೆ ಹಿಡಿಸುತ್ತದೆ ಅಂತ ಜೀನ್ ನೋಡಿ ಹೇಳುತ್ತಾರೆ ಅಂತ ಎಲ್ಲೋ ಓದಿದ ನೆನಪು. ಅದಾದರೂ ನಿಜವಾ?

ವಾರ್ಡ್ ನಂ. 4

ಒಳ್ಳೆ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ನಾಲ್ಟ್ರೆಕ್ಸೋನ್ ಅಂತ ಒಂದು ಮಾತ್ರೆ. ಕುಡಿತಕ್ಕೆ ಅಮೆರಿಕದಲ್ಲಿ 1994ರಿಂದ ಬಳಕೆಯಲ್ಲಿದೆ. ನಮ್ಮಲ್ಲೂ ಸಿಗುತ್ತದೆ. ಕುಡಿದಾಗ ಮಿದುಳಿನಲ್ಲಿ ಅಫೀಮಿನಂಥ ವಸ್ತು ಒಸರುತ್ತದೆ, ಅದು ಕೂರುವ ಜಾಗಕ್ಕೆ ಈ ಮಾತ್ರೆ ಬೀಗ ಹಾಕುತ್ತದೆ. ಡೈಸಲ್ಫಿರಾಮ್ ಥರ ಕುಡಿದರೆ ಸಂಕಟ ಮಾಡುವುದಿಲ್ಲ. ಕುಡಿದರೂ ಮಜಾ ಕಡಿಮೆ, ಇನ್ನೊಂದು ಬೇಕು ಅನ್ನುವ ಎಳೆತ ಕಡಿಮೆ.

ಆ ಜಾಗವನ್ನು ಕಟ್ಟುವ ಜೀನಿನ ಹೆಸರು ಒಪಿಆರ್‌ಎಂ1. ಅದರಲ್ಲಿ ಒಂದು ಅಕ್ಷರದ ಬದಲಾವಣೆ ಇರುವವರು ಯುರೋಪಿಗಿಂತ ಏಷ್ಯಾದಲ್ಲಿ ಜಾಸ್ತಿ. 2003ರಲ್ಲಿ ಡೇವಿಡ್ ಆಸ್ಲಿನ್ ತಂಡ, ಈ ಬದಲಾವಣೆ ಇದ್ದವರಿಗೆ ನಾಲ್ಟ್ರೆಕ್ಸೋನ್ ಚೆನ್ನಾಗಿ ಹಿಡಿಸುತ್ತದೆ ಅಂತ ಹೇಳಿತು. 2008ರಲ್ಲಿ ದೊಡ್ಡ ಅಧ್ಯಯನವೊಂದರ ಲೆಕ್ಕ ಬಂತು. ಮಾತ್ರೆ ಮತ್ತು ವೈದ್ಯರ ಸಾಧಾರಣ ಸಲಹೆ ಮಾತ್ರ ಪಡೆದವರಲ್ಲಿ, ಬದಲಾವಣೆ ಇದ್ದವರಿಗೆ ನಾಲ್ಟ್ರೆಕ್ಸೋನ್ ಕೊಟ್ಟಾಗ 100ಕ್ಕೆ 87 ಜನ ಸುಧಾರಿಸಿದ್ದರು. ಖಾಲಿ ಮಾತ್ರೆ ಕೊಟ್ಟಾಗ 49. ಬದಲಾವಣೆ ಇಲ್ಲದವರಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ನಾನಾಗ ಕಲಿಯುತ್ತಿದ್ದೆ. ಇನ್ನು ಐದು ವರ್ಷದಲ್ಲಿ ಓಪಿಡಿಯಲ್ಲೇ ಜೀನ್ ನೋಡಿ ಚೀಟಿ ಬರೆಯುತ್ತೇವೆ ಅಂತ ಮಾತಾಡಿಕೊಂಡಿದ್ದೆವು.

ಆದರೆ ಅವೆಲ್ಲ ಚಿಕಿತ್ಸೆ ಮುಗಿದ ಮೇಲೆ ಹಿಂತಿರುಗಿ ನೋಡಿದ ಲೆಕ್ಕ. ಮೊದಲೇ ಜೀನ್ ನೋಡಿ, ಗುಂಪು ಮಾಡಿ, ಆಮೇಲೆ ಮಾತ್ರೆ ಕೊಟ್ಟು ನೋಡಬೇಕಲ್ವಾ? ಅದನ್ನೂ ಆಸ್ಲಿನ್ ತಂಡವೇ ಮಾಡಿತು. 2015ರಲ್ಲಿ ಫಲಿತಾಂಶ ಬಂತು. ಜೀನಿನಿಂದ ವ್ಯತ್ಯಾಸ ಕಾಣಲಿಲ್ಲ. ತಾವೇ ಹುಟ್ಟಿಸಿದ ಆಸೆಗೆ ತಾವೇ ನೀರೆರಚಿದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಅದಕ್ಕೇ. ಟೋಪಿರಮೇಟ್ ಅನ್ನುವ ಇನ್ನೊಂದು ಮಾತ್ರೆಯ ಕಥೆಯೂ ಹೀಗೇ. 2014ರಲ್ಲಿ ಒಂದು ಜೀನು ಸಿಕ್ಕಿತು ಅಂದರು, ಮತ್ತೆ ಮಾಡಿ ನೋಡಿದಾಗ ನಿಲ್ಲಲಿಲ್ಲ.

ಹಾಗಾಗಿ ಇವತ್ತಿನ ಮಟ್ಟಿಗೆ ನಾವು ಜೀನ್ ನೋಡದೆಯೇ ಕೊಡುತ್ತೇವೆ. ಲಿವರ್ ಹೇಗಿದೆ, ಬೇರೆ ಏನು ಮಾತ್ರೆ ತಗೊಳ್ಳುತ್ತಿದ್ದಾರೆ, ಪೂರ್ತಿ ಬಿಡುತ್ತಾರಾ ಕಡಿಮೆ ಮಾಡುತ್ತಾರಾ ಅಂತ ನೋಡಿ. ಲಿವರ್ ತೀರಾ ಕೆಟ್ಟಿದ್ದರೆ ಬ್ಯಾಕ್ಲೋಫೆನ್. ಪೂರ್ತಿ ಬಿಟ್ಟವರು ಹಾಗೇ ಉಳಿಯಲು ಅಕಾಂಪ್ರೋಸೇಟ್. ಒಂದು ಹಿಡಿಸದಿದ್ದರೆ ಇನ್ನೊಂದು. ಯಾವುದೂ ಮಂತ್ರದಂಡ ಅಲ್ಲ. ನಾಲ್ಟ್ರೆಕ್ಸೋನನ್ನು 12 ಜನಕ್ಕೆ ಕೊಟ್ಟರೆ, ಮಾತ್ರೆ ಇಲ್ಲದಿದ್ದರೆ ಮತ್ತೆ ಜೋರು ಕುಡಿತಕ್ಕೆ ಬೀಳುತ್ತಿದ್ದ ಒಬ್ಬ ಉಳಿಯುತ್ತಾನೆ. ಕಡಿಮೆ ಅನ್ನಿಸುತ್ತದಾ? ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳ ಲೆಕ್ಕ ಕೇಳಿದರೆ ಇದು ಎಷ್ಟೋ ವಾಸಿ ಅನ್ನುತ್ತೀರಿ. ಬೇಸರ ಏನೆಂದರೆ, 2019ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನಕ್ಕೆ ಯಾವ ಜೀನ್ ಇದ್ದರೇನು?

ಖಾರಮಂಡಕ್ಕಿ

ಡಾಕ್ಟ್ರೇ, ಮೊದಲು "ನೆಪ" ಅಂದಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ. ಆದರೆ ಇಷ್ಟು ಹೇಳಿ. ಅಷ್ಟೆಲ್ಲ ಅಧ್ಯಯನ ಮಾಡಿ ಒಂದು ಕುಡಿತದ ಜೀನ್ ಹುಡುಕಲು ಆಗಲಿಲ್ಲವಾ?

ಬಯಾಲಜಿ ಮೇಷ್ಟ್ರು

1990ರಲ್ಲಿ ಸಿಕ್ಕಿತು ಅಂತ ದೊಡ್ಡ ಸುದ್ದಿಯಾಗಿತ್ತು, ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಅನ್ನುವ ವಸ್ತುವಿಗೆ ಸಂಬಂಧಪಟ್ಟ ಜೀನು, ಡಿಆರ್‌ಡಿ2. ಬೇರೆಯವರು ನೋಡಿದರೆ ಅಷ್ಟು ಗಟ್ಟಿ ಇರಲಿಲ್ಲ. 2023ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಸೇರಿಸಿ ನೋಡಿದಾಗ ನೂರಕ್ಕೂ ಹೆಚ್ಚು ಜಾಗಗಳು ಬಂದವು. ಒಂದೊಂದರ ಪಾಲು ಸಾಸಿವೆ ಕಾಳಿನಷ್ಟು. ಎದ್ದು ಕಾಣುವುದು ಆ ಲಿವರ್ ಕಿಣ್ವದ ಜೀನುಗಳು ಮಾತ್ರ. ಸಾಸಿವೆ ಕೂಡಿಸಿ ಅಂಕ ಕೊಡುವ ಪದ್ಧತಿಯೂ ಇದೆ. ಆದರೆ ಆ ಲೆಕ್ಕಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ತರೀಕೆರೆಯ ಹುಡುಗನಿಗೆ ಆ ತಕ್ಕಡಿ ಸರಿ ತೂಗುವುದಿಲ್ಲ.

ನಮ್ಮವರ ಲೆಕ್ಕ ನಮ್ಮಲ್ಲೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಕೆಲಸ ಬಹಳ ವರ್ಷದಿಂದ ನಡೆದಿದೆ. ಕುಡಿತಕ್ಕೆ ಬಿದ್ದ ತಂದೆಯರ, ಇನ್ನೂ ಕುಡಿಯಲು ಶುರುಮಾಡದ ಮಕ್ಕಳ ಮಿದುಳಿನ ಅಲೆಗಳನ್ನು ಅಲ್ಲಿ ಅಳೆದಿದ್ದಾರೆ, ಸ್ಕ್ಯಾನ್ ಮಾಡಿದ್ದಾರೆ. ವ್ಯತ್ಯಾಸ ಆಗಲೇ ಇರುತ್ತದೆ. ಒಂದೇ ಮನೆಯಲ್ಲಿ ಹಲವರಿಗೆ ಇಂಥ ಕಾಯಿಲೆ ಇರುವ ಕುಟುಂಬಗಳ ರಕ್ತದಿಂದ ಕಾಂಡಕೋಶ (ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಕೋಶ) ಮಾಡಿ ನೋಡುವ ಕೆಲಸವೂ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಜೊತೆ ಸೇರಿ ನಡೆದಿದೆ. ಅಂಥ ಸಂಶೋಧನೆಗೆ ರಕ್ತ ಕೊಡುವುದು ಬೇರೆ. 14 ಸಾವಿರಕ್ಕೆ ಭವಿಷ್ಯ ಮಾರುವುದು ಬೇರೆ.

ವಾರ್ಡ್ ನಂ. 4

ಮಗನ ವಿಷಯ ಬಿಟ್ಟೇ ಹೋಯಿತು. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ 15ಕ್ಕೆ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ 100ಕ್ಕೆ 40 ಜನ ಮುಂದೆ ಚಟಕ್ಕೆ ಬಿದ್ದಿದ್ದರು. 20 ದಾಟಿ ಶುರುಮಾಡಿದವರಲ್ಲಿ ಸುಮಾರು 10. ತಡ ಆದಷ್ಟೂ ಒಳ್ಳೆಯದು. ಅಜ್ಜನ ವಿಷಯ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ "ನಮ್ಮ ಮನೆಯಲ್ಲಿ ಇದೆ, ನೀನು ಹುಷಾರು" ಅನ್ನುತ್ತೇವಲ್ಲ, ಅದೇ ದನಿಯಲ್ಲಿ ಹೇಳಿ.

ಹೊಳೆದಂಡೆ (ಹನ್ನೆರಡು ದಿನದ ಮೇಲೆ)

ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ತಮ್ಮನನ್ನು ಅಣ್ಣ ಒಪ್ಪಿಸಿ ಕರೆದುಕೊಂಡು ಹೋದ. ಎಂಟು ದಿನ ಅಡ್ಮಿಟ್ ಇದ್ದ. ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಅಂತ ಒರೆಸುತ್ತಿದ್ದನಂತೆ. ಮನೆಯಲ್ಲಿ ಬಿಡಿಸಲು ಹೋಗಿದ್ದರೆ ಏನಾಗುತ್ತಿತ್ತೋ.

ಡಾಕ್ಟರ್ ಒಂದು ಹಾಳೆಯಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ ಅಂತ ಚೌಕ ಬರೆದು ಕುಡಿದವರಿಗೆಲ್ಲ ಕಪ್ಪು ತುಂಬಿದರು. ತಮ್ಮ ಅದನ್ನೇ ನೋಡುತ್ತಿದ್ದ. "ಅಂದರೆ ಇದು ನನ್ನೊಬ್ಬನ ತಪ್ಪಲ್ವಾ ಸಾರ್?" ಅಂದ. ಅವರು "ತಪ್ಪು ನಿಂದಲ್ಲ ಕಣಪ್ಪ, ಮಾತ್ರೆ ನುಂಗೋ ಕೆಲಸ ಮಾತ್ರ ನಿಂದೇ" ಅಂದರಂತೆ. ಲಿವರ್ ಪರವಾಗಿಲ್ಲ. ನಾಲ್ಟ್ರೆಕ್ಸೋನ್ ಕೊಟ್ಟಿದ್ದಾರೆ, ದಿನಕ್ಕೊಂದು. ಲ್ಯಾಬಿನವರ ಫೋನ್ ಎರಡು ಸಲ ಬಂತು, ಬೇಡ ಅಂದೆ.

ಆರು ವರ್ಷದ ಅಣ್ಣನಿಗೆ ಒಂದು ಪ್ರಶ್ನೆ. ಬರುವ ತಿಂಗಳು ಅತ್ತೆ ಮಗಳ ಮದುವೆ. ರಾತ್ರಿ ಛತ್ರದ ಹಿಂದೆ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತು. ಕರೆದುಕೊಂಡು ಹೋಗುವುದಾ, ಬೇಡವಾ?

ಆರು ವರ್ಷ

ಧಾರೆಗೆ ಕರೆದುಕೊಂಡು ಹೋಗಿ ಅಕ್ಕ. ಆರತಕ್ಷತೆ ಬೇಡ. ಊಟ ಮುಗಿದ ಕೂಡಲೇ ಬಸ್ ಹತ್ತಿಸಿ. ನಾನು ಮೊದಲ ವರ್ಷ ಏಳು ಮದುವೆ ತಪ್ಪಿಸಿದ್ದೇನೆ, ಇನ್ನೂ ಬೈಸಿಕೊಳ್ಳುತ್ತಿದ್ದೇನೆ. ಅವನಿಗೆ ಇಷ್ಟ ಇದ್ದರೆ ನನಗೆ ಇಲ್ಲೇ ಒಳಗೆ ಮೆಸೇಜ್ ಮಾಡಲು ಹೇಳಿ.